ಕಾರು ಅಪಘಾತವಾದ ಮೇಲೆ: ಇನ್ಶೂರೆನ್ಸ್ ಕ್ಲೇಮ್ ಮೊದಲೋ, ಕೋರ್ಟ್ ಮೊದಲೋ?

ಪ್ರಶ್ನೆ: ಎರಡು ತಿಂಗಳ ಹಿಂದೆ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವಾಗ ತುಮಕೂರಿನ ಹತ್ತಿರ ಗೂಡ್ಸ್ ವಾಹನವೊಂದು ಏಕಾಏಕಿ ಲೇನ್ ಬದಲಿಸಿ ನಮ್ಮ ಕಾರಿಗೆ ಗುದ್ದಿತು. ಕಾರು ನನ್ನ ಹೆಸರಿನಲ್ಲಿದೆ, ಓಡಿಸುತ್ತಿದ್ದವನೂ ನಾನೇ. ನನಗೆ ತರಚು ಗಾಯ. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ (34 ವರ್ಷ) ಬಲಗಾಲಿನ ಮೂಳೆ ಮುರಿದು ರಾಡ್ ಹಾಕಿದ್ದಾರೆ. ಅವಳು ಮನೆಯಲ್ಲೇ ಟೈಲರಿಂಗ್ ಮಾಡಿ ತಿಂಗಳಿಗೆ ಸುಮಾರು 18,000 ರೂಪಾಯಿ ದುಡಿಯುತ್ತಿದ್ದಳು. ಎಫ್‌ಐಆರ್ ಆಗಿದೆ. ಕಾರಿಗೆ ನಾಲ್ಕೂವರೆ ವರ್ಷ, ಫುಲ್ ಇನ್ಶೂರೆನ್ಸ್ ಇದೆ. ಪೊಲೀಸರು ಬಿಟ್ಟುಕೊಟ್ಟ ಮೇಲೆ ಈಗ ಗ್ಯಾರೇಜಿನಲ್ಲಿ ನಿಂತಿದೆ, ಎಸ್ಟಿಮೇಟ್ 2.6 ಲಕ್ಷ. ಕೋರ್ಟಿಗೆ ಹಾಕಿದರೆ ಕಾರಿನ ಕ್ಲೇಮ್ ಸಿಗುವುದಿಲ್ಲ ಎಂದು ಒಬ್ಬರು ಹೇಳುತ್ತಾರೆ. ಎದುರಿನವರ ಇನ್ಶೂರೆನ್ಸ್ ಕಡೆಯಿಂದ ಎರಡೂವರೆ ಲಕ್ಷ ಕೊಟ್ಟು ಮುಗಿಸೋಣ ಎಂಬ ಮಾತು ಬಂದಿದೆ. ಆಸ್ಪತ್ರೆಗೆ ಬಂದಿದ್ದ ಒಬ್ಬ ವ್ಯಕ್ತಿ ಹೆಂಡತಿಯಿಂದ ಖಾಲಿ ಹಾಳೆಗಳಿಗೆ ಸಹಿ ಹಾಕಿಸಿಕೊಂಡಿದ್ದಾನೆ. ಮೊದಲು ಯಾವುದನ್ನು ಮಾಡಬೇಕು?

ಉತ್ತರ: ಮೊದಲು ಯಾವುದು, ಆಮೇಲೆ ಯಾವುದು ಎಂಬ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ನಿಮ್ಮ ಮುಂದೆ ಇರುವುದು ಎರಡು ಬೇರೆ ಬೇರೆ ಹಕ್ಕುಗಳು. ಕಾರಿನ ರಿಪೇರಿ ಹಣ ನೀವು ಪ್ರೀಮಿಯಂ ಕಟ್ಟಿದ ಕಂಪನಿಯಿಂದ ಬರಬೇಕಾದದ್ದು. ಅದು ಪಾಲಿಸಿ ಎಂಬ ಒಪ್ಪಂದದ ವ್ಯವಹಾರ, ಅಲ್ಲಿ ತಪ್ಪು ಯಾರದು ಎಂಬುದು ಮುಖ್ಯವಲ್ಲ. ನಿಮ್ಮ ಹೆಂಡತಿಯ ಗಾಯದ ಪರಿಹಾರ ಗೂಡ್ಸ್ ವಾಹನದ ಚಾಲಕ, ಮಾಲೀಕ ಮತ್ತು ಅದರ ವಿಮಾ ಕಂಪನಿಯಿಂದ ಬರಬೇಕಾದದ್ದು. ಅದು ಮೋಟಾರು ವಾಹನ ಕಾಯ್ದೆ, 1988ರ ಅಡಿಯಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ನಡೆಯುತ್ತದೆ. ಒಂದನ್ನು ಕೇಳಿದರೆ ಇನ್ನೊಂದು ಹೋಗುವುದಿಲ್ಲ. ಎರಡನ್ನೂ ಇವತ್ತಿನಿಂದಲೇ ಒಟ್ಟಿಗೆ ನಡೆಸಬಹುದು, ನಡೆಸಬೇಕು.

ಆದರೆ ಎರಡೂ ಕಡೆ ಫಲಿತಾಂಶ ನಿರ್ಧಾರವಾಗುವುದು ವಾದದಿಂದಲ್ಲ, ಮೊದಲ ಕೆಲವು ವಾರಗಳಲ್ಲಿ ಹುಟ್ಟಿದ ಕಾಗದಗಳಿಂದ. ಆಸ್ಪತ್ರೆಯಲ್ಲಿ ಒಂದು, ಪೊಲೀಸ್ ದೂರಿನಲ್ಲಿ ಇನ್ನೊಂದು, ಕ್ಲೇಮ್ ಫಾರಂನಲ್ಲಿ ಮತ್ತೊಂದು ಬರೆದಿದ್ದರೆ ನಿಜವಾದ ಪ್ರಕರಣವೂ ಸಂಶಯಕ್ಕೆ ಬೀಳುತ್ತದೆ. ಹಾಗಾಗಿ ಹಣದ ಲೆಕ್ಕಕ್ಕೆ ಮುಂಚೆ ಕಾಗದದ ಮಾತು.

ಆಸ್ಪತ್ರೆಯ ಮೊದಲ ಸಾಲು

ಅಪಘಾತದ ದಿನ ಮೊದಲು ಕರೆದುಕೊಂಡು ಹೋದ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡ್ಯೂಟಿ ಡಾಕ್ಟರು ಎಂಎಲ್‌ಸಿ (ಪೊಲೀಸ್ ಕೇಸಿಗೆ ಸಂಬಂಧಿಸಿದ ಗಾಯಗಳ) ರಿಜಿಸ್ಟರ್‌ನಲ್ಲಿ ಒಂದೆರಡು ಸಾಲು ಬರೆದಿರುತ್ತಾರೆ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾವ ವಾಹನದಿಂದ ಗಾಯವಾಯಿತು, ಯಾರು ಕರೆತಂದರು. ವಿಮಾ ಕಂಪನಿಯ ವಕೀಲರು ಎಲ್ಲಕ್ಕಿಂತ ಮೊದಲು ತೆರೆಸುವ ಪುಟ ಅದು. ಗಾಬರಿಯಲ್ಲಿ ಜೊತೆಗಿದ್ದವರು ‘ಕಾರು ಡಿವೈಡರ್‌ಗೆ ಹೊಡೀತು’ ಎಂದು ಹೇಳಿ, ಡಾಕ್ಟರು ಅದನ್ನೇ ಬರೆದಿದ್ದರೆ, ಎರಡು ದಿನ ಬಿಟ್ಟು ಕೊಟ್ಟ ದೂರಿನಲ್ಲಿ ಬರುವ ಗೂಡ್ಸ್ ವಾಹನ ‘ಆಮೇಲೆ ಸೇರಿಸಿದ್ದು’ ಎಂದು ಪಾಟೀಸವಾಲಿನಲ್ಲಿ ಸಾಬೀತು ಮಾಡಲು ಹೊರಡುತ್ತಾರೆ. ನಿಜಕ್ಕೂ ನಡೆದದ್ದು ಗೂಡ್ಸ್ ವಾಹನ ಗುದ್ದಿ, ಆ ರಭಸಕ್ಕೆ ಕಾರು ಡಿವೈಡರ್‌ಗೆ ತಾಗಿದ್ದಾಗಿರಬಹುದು. ಅರ್ಧ ಸಾಲು ಬಿಟ್ಟುಹೋದದ್ದಕ್ಕೆ ಇಡೀ ಪ್ರಕರಣ ತಿರುಗುತ್ತದೆ.

ಆದ್ದರಿಂದ ಈ ವಾರವೇ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ), ಎಂಎಲ್‌ಸಿ ನಕಲು, ಡಿಸ್ಚಾರ್ಜ್ ಸಮ್ಮರಿ ತೆಗೆದುಕೊಂಡು ಓದಿ. ಹೆಸರು, ವಯಸ್ಸು, ಯಾವ ಕಾಲು, ಅಪಘಾತದ ದಿನಾಂಕ, ಹೇಗಾಯಿತು ಎಂಬ ಐದನ್ನೂ ಎಫ್‌ಐಆರ್ ಜೊತೆ ತಾಳೆ ನೋಡಿ. ತಪ್ಪಿದ್ದರೆ ಆಸ್ಪತ್ರೆಗೆ ಲಿಖಿತ ಮನವಿ ಕೊಟ್ಟು, ವೈದ್ಯರೇ ದಿನಾಂಕ ಹಾಕಿ ಸಹಿ ಮಾಡಿ ತಿದ್ದುಪಡಿ ನಮೂದಿಸುವಂತೆ ಕೇಳಿ. ಬಲಗಾಲಿನ ಬದಲು ಎಡಗಾಲು ಎಂದು ಬಿದ್ದ ತಪ್ಪನ್ನು ಯಾರೂ ಪೆನ್ನಿನಿಂದ ತಿದ್ದಲು ಹೋಗಬೇಡಿ. ಸಹಿ ಇಲ್ಲದ ತಿದ್ದುವಿಕೆ ಮೂಲ ತಪ್ಪಿಗಿಂತ ದೊಡ್ಡ ಅಪಾಯ.

ಪೊಲೀಸ್ ಠಾಣೆಯಿಂದ ಬೇಕಾಗುವವು: ದೂರು ಮತ್ತು ಎಫ್‌ಐಆರ್, ಸ್ಥಳ ಮಹಜರು ಹಾಗೂ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಸಾಕ್ಷಿಗಳ ಹೇಳಿಕೆ, ತನಿಖೆ ಮುಗಿದಿದ್ದರೆ ಚಾರ್ಜ್‌ಶೀಟ್. ಇವುಗಳಲ್ಲಿ ನಕ್ಷೆಯನ್ನು ಜನ ನೋಡುವುದೇ ಇಲ್ಲ. ರಸ್ತೆಯ ಅಗಲ, ಡಿವೈಡರ್ ಎಲ್ಲಿದೆ, ಡಿಕ್ಕಿಯಾದ ಜಾಗ ಯಾವ ಲೇನಿನಲ್ಲಿದೆ ಎಂದು ಅದರಲ್ಲಿ ಗುರುತು ಹಾಕಿರುತ್ತಾರೆ. ಡಿಕ್ಕಿಯಾದ ಜಾಗವನ್ನು ಗೂಡ್ಸ್ ವಾಹನದ ಲೇನಿನೊಳಗೆ ಗುರುತಿಸಿದ್ದರೆ, ಲೇನ್ ಬದಲಿಸಿದ್ದು ನೀವೇ ಎಂಬ ವಾದಕ್ಕೆ ದಾರಿಯಾಗುತ್ತದೆ. ವಾಹನ ನಿರೀಕ್ಷಕರ ವರದಿಯಲ್ಲಿ ಯಾವ ವಾಹನದ ಯಾವ ಭಾಗ ಜಖಂ ಆಗಿದೆ ಎಂದಿರುತ್ತದೆ. ನಿಮ್ಮ ಕಾರಿನ ಎಡಬದಿ, ಅವರ ಬಲಬದಿ ಜಖಂ ಆಗಿದ್ದರೆ ಅದು ನಿಮ್ಮ ಮಾತಿಗೆ ಹೊಂದುತ್ತದೆ. ನಕ್ಷೆ ತಪ್ಪಾಗಿದ್ದರೆ ತನಿಖಾಧಿಕಾರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಅವರು ಕೇಳದಿದ್ದರೆ ಅದೇ ಪತ್ರವನ್ನು ಎಸ್‌ಪಿ ಕಚೇರಿಗೆ ಕಳಿಸಿ.

ಇನ್ನೊಂದು ಎಚ್ಚರಿಕೆ. ಎದುರಿನವರೂ ಪ್ರತಿದೂರು ಕೊಟ್ಟು ನಿಮ್ಮ ಮೇಲೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಅಡಿ ಅಜಾಗರೂಕ ಚಾಲನೆಯ ಕೇಸು ಹಾಕಿಸಿದ್ದರೆ, ‘ತಪ್ಪೊಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿ, ಅಲೆದಾಟ ತಪ್ಪುತ್ತದೆ’ ಎಂದು ಸಲಹೆ ಕೊಡುವವರು ಇರುತ್ತಾರೆ. ಹಾಗೆ ಕಟ್ಟಿದ ದಂಡದ ರಸೀದಿ ನ್ಯಾಯಮಂಡಳಿಯಲ್ಲಿ ನಿಮ್ಮ ವಿರುದ್ಧ ಸಾಕ್ಷಿಯಾಗಿ ಹಾಜರಾಗುತ್ತದೆ. ತಪ್ಪು ನಿಮ್ಮದಲ್ಲದಿದ್ದರೆ ಒಪ್ಪಿಕೊಳ್ಳಬೇಡಿ. ಕ್ರಿಮಿನಲ್ ಕೇಸಿನಲ್ಲಿ ಗೂಡ್ಸ್ ವಾಹನದ ಚಾಲಕ ಖುಲಾಸೆಯಾದರೂ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ ಎಂಬುದೂ ನಿಮಗೆ ಗೊತ್ತಿರಲಿ: ಅಲ್ಲಿ ಸಂಶಯಾತೀತ ಪುರಾವೆ ಬೇಕು, ಇಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಎಂಬುದಷ್ಟೇ ಸಾಕು.

ಟೋಲ್ ಪ್ಲಾಜಾ ಅಥವಾ ರಸ್ತೆ ಬದಿಯ ಅಂಗಡಿಯ ಸಿಸಿಟಿವಿ ದೃಶ್ಯಗಳು ತಾವಾಗಿಯೇ ಅಳಿಸಿಹೋಗುತ್ತವೆ, ಎರಡು ತಿಂಗಳಾದ ಮೇಲೆ ಸಿಗುವ ಸಾಧ್ಯತೆ ಕಡಿಮೆ. ಪೊಲೀಸರು ಆಗಲೇ ತೆಗೆದುಕೊಂಡಿದ್ದಾರಾ ಎಂದು ವಿಚಾರಿಸಿ. ನಿಮ್ಮ ಮೊಬೈಲಿನ ಫೋಟೊ, ಡ್ಯಾಶ್‌ಕ್ಯಾಮ್ ವಿಡಿಯೊ ಇದ್ದರೆ ಮೂಲ ಫೈಲನ್ನು ಹಾಗೆಯೇ ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸಮಯ, ಸ್ಥಳದ ವಿವರ ಉಳಿದಿರುವುದಿಲ್ಲ. ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರಲ್ಲಿ ಹೇಳಿದ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಜೊತೆಗಿರಬೇಕು.

ಕಾರಿನ ಕ್ಲೇಮ್

ಫೋನಿನಲ್ಲಿ ಮಾತ್ರ ತಿಳಿಸಿದ್ದರೆ ಇವತ್ತೇ ಇಮೇಲ್ ಮಾಡಿ, ಕ್ಲೇಮ್ ನಂಬರ್ ಪಡೆಯಿರಿ. ತಡವಾದದ್ದಕ್ಕೆ ಕಾರಣವನ್ನೂ ಬರೆಯಿರಿ: ಕಾರು ಠಾಣೆಯಲ್ಲಿತ್ತು, ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಕೇವಲ ತಡವಾಯಿತೆಂಬ ಒಂದೇ ನೆಪಕ್ಕೆ ನಿಜವಾದ ಕ್ಲೇಮನ್ನು ತಿರಸ್ಕರಿಸಬಾರದು ಎಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಸೂಚಿಸಿದೆ. 2024ರ ಅದರ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ (ಜಖಂ ನೋಡಿ ನಷ್ಟ ಅಂದಾಜು ಮಾಡುವವರು) ನೇಮಕವಾಗಬೇಕು, ನೇಮಕವಾದ 15 ದಿನದಲ್ಲಿ ವರದಿ ಬರಬೇಕು, ವರದಿ ಕೈಸೇರಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು.

ಸರ್ವೇಯರ್ ನೋಡುವವರೆಗೆ ಗ್ಯಾರೇಜಿನವರು ಒಂದು ಬೋಲ್ಟನ್ನೂ ಬಿಚ್ಚಬಾರದು. ನೋಡಿದ ಮೇಲೆ ಬಿಚ್ಚಿದಾಗ ಒಳಗಿನ ಜಖಂ ಕಂಡರೆ (ಸಬ್‌ಫ್ರೇಮ್ ಬಾಗಿರುವುದು, ಸ್ಟಿಯರಿಂಗ್ ರ‍್ಯಾಕ್ ಬಿರುಕು, ರೇಡಿಯೇಟರ್ ಸಪೋರ್ಟ್ ಮುರಿದಿರುವುದು) ಕೆಲಸ ನಿಲ್ಲಿಸಿ ಮತ್ತೆ ಕರೆಸಿ ಸಪ್ಲಿಮೆಂಟರಿ ಎಸ್ಟಿಮೇಟ್‌ಗೆ ಒಪ್ಪಿಗೆ ಪಡೆಯಬೇಕು. ಬದಲಾಯಿಸಿದ ಹಳೆಯ ಭಾಗಗಳನ್ನು ರಿಪೇರಿ ಮುಗಿದ ಮೇಲಿನ ಪರಿಶೀಲನೆ ಆಗುವವರೆಗೆ ಎಸೆಯುವಂತಿಲ್ಲ. ಈ ಮಧ್ಯೆ ಯಾರೂ ಕಾರನ್ನು ಸ್ಟಾರ್ಟ್ ಮಾಡಿ ಓಡಿಸಬೇಡಿ. ಡಿಕ್ಕಿಯಲ್ಲಿ ಆಯಿಲ್ ಸಂಪ್ ಒಡೆದಿದ್ದರೆ ಸಂಪ್‌ನ ಹಣ ಬರುತ್ತದೆ. ಆಯಿಲ್ ಸೋರಿಹೋದ ಮೇಲೂ ಓಡಿಸಿ ಎಂಜಿನ್ ಸೀಜ್ ಆದರೆ ಅದನ್ನು ಅಪಘಾತದ ನೇರ ನಷ್ಟವಲ್ಲ ಎಂದು ಕೈಬಿಡುತ್ತಾರೆ. ಆ ತಿರಸ್ಕಾರ ಸಾಮಾನ್ಯವಾಗಿ ನಿಲ್ಲುತ್ತದೆ ಕೂಡ.

‘ಫುಲ್ ಇನ್ಶೂರೆನ್ಸ್’ ಎಂದರೆ ಬಿಲ್ಲಿನ ಪೂರ್ತಿ ಹಣ ಎಂದುಕೊಂಡರೆ ನಿರಾಸೆಯಾಗುತ್ತದೆ. ಜೀರೊ ಡೆಪ್ (ಸವಕಳಿ ಕಳೆಯದಂತೆ ಸೇರಿಸಿಕೊಳ್ಳುವ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ 50%, ಫೈಬರ್ ಭಾಗಗಳಿಗೆ 30% ಸವಕಳಿ ಕಳೆಯುತ್ತಾರೆ. ಗಾಜಿಗೆ ಕಡಿತವಿಲ್ಲ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನ ಪ್ರಕಾರ. ನಿಮ್ಮದು ನಾಲ್ಕರಿಂದ ಐದು ವರ್ಷದ ನಡುವೆ ಇರುವುದರಿಂದ 35%. ನಿಮ್ಮ 2,60,000 ರೂಪಾಯಿ ಎಸ್ಟಿಮೇಟ್ ಹೀಗೆ ಒಡೆದಿದೆ ಎಂದುಕೊಳ್ಳೋಣ: ಲೋಹದ ಭಾಗ 90,000, ಪ್ಲಾಸ್ಟಿಕ್ 60,000, ಗಾಜು 20,000, ಲೇಬರ್ 50,000, ಪೇಂಟಿಂಗ್ 40,000. ಲೋಹದಲ್ಲಿ 31,500 ಹೋಗುತ್ತದೆ, ಪ್ಲಾಸ್ಟಿಕ್‌ನಲ್ಲಿ 30,000. ಪೇಂಟಿಂಗ್‌ನಲ್ಲಿ ನಾಲ್ಕನೇ ಒಂದು ಭಾಗವನ್ನು, ಅಂದರೆ 10,000ವನ್ನು, ಬಣ್ಣದ ಸಾಮಗ್ರಿಯೆಂದು ಎಣಿಸಿ ಅದರ ಅರ್ಧ 5,000 ಕಳೆಯುತ್ತಾರೆ. ಕಡ್ಡಾಯ ಕಡಿತ 1500 ಸಿಸಿವರೆಗಿನ ಕಾರಿಗೆ 1,000. ಒಟ್ಟು 67,500 ನಿಮ್ಮ ಜೇಬಿನಿಂದ, 1,92,500 ಕಂಪನಿಯಿಂದ. ಗುಜರಿ ಬೆಲೆಯೆಂದು ಇನ್ನೂ ಸ್ವಲ್ಪ ಕಳೆಯಬಹುದು. ಪಾಲಿಸಿಯಲ್ಲಿ ಜೀರೊ ಡೆಪ್ ಸೇರಿಸಿದ್ದರೆ ಸವಕಳಿಯ ದೊಡ್ಡ ಮೊತ್ತವೆಲ್ಲ ಉಳಿಯುತ್ತದೆ.

ಆ 67,500 ನಷ್ಟವೆಂದು ಬಿಟ್ಟುಬಿಡಬೇಕಾಗಿಲ್ಲ. ತಪ್ಪು ಗೂಡ್ಸ್ ವಾಹನದ್ದಾದ್ದರಿಂದ ನಿಮ್ಮ ಕಂಪನಿ ಕೊಡದೆ ಉಳಿದ ಭಾಗವನ್ನು ಆಸ್ತಿ ನಷ್ಟವೆಂದು ಅದೇ ನ್ಯಾಯಮಂಡಳಿಯಲ್ಲಿ ಅವರಿಂದ ಕೇಳಬಹುದು. ಕಂಪನಿ ಕೊಟ್ಟ ಹಣವನ್ನೇ ಎರಡನೇ ಸಲ ಕೇಳುವಂತಿಲ್ಲ, ಅಷ್ಟೇ. ಅದಕ್ಕಾಗಿ ಗ್ಯಾರೇಜಿನ ಜಿಎಸ್‌ಟಿ ಬಿಲ್, ಹಣ ಕಟ್ಟಿದ ರಸೀದಿ, ಸರ್ವೇ ವರದಿಯ ನಕಲು ಇಟ್ಟುಕೊಳ್ಳಿ. ಸರ್ವೇ ವರದಿ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ಬಿಚ್ಚಿದ ಮೇಲೆ ರಿಪೇರಿ ಖರ್ಚು ಪಾಲಿಸಿಯಲ್ಲಿ ನಮೂದಾದ ಐಡಿವಿಯ (ವಿಮೆ ಮಾಡಿಸಿದ ಕಾರಿನ ಬೆಲೆಯ) 75% ದಾಟಿದರೆ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತಾರೆ. ಐಡಿವಿ 4,50,000 ಇದ್ದರೆ ಆ ಗೆರೆ 3,37,500. ಆಗ ಭಾಗಗಳ ಸವಕಳಿ ಲೆಕ್ಕ ಬರುವುದಿಲ್ಲ, ಐಡಿವಿಯಿಂದ ಕಡ್ಡಾಯ ಕಡಿತ ಕಳೆದು ಕೊಡುತ್ತಾರೆ; ಸಾಲ ಬಾಕಿ ಇದ್ದರೆ ಮೊದಲು ಬ್ಯಾಂಕಿಗೆ ಹೋಗುತ್ತದೆ. ಜಖಂಗೊಂಡ ಕಾರನ್ನು ಯಾರಿಗೆ ಕೊಟ್ಟರೂ ಆರ್‌ಸಿ ರದ್ದು ಅಥವಾ ವರ್ಗಾವಣೆ ಆಗದೆ ಕೊಡಬೇಡಿ.

ನೋ ಕ್ಲೇಮ್ ಬೋನಸ್ ಹೋಗುತ್ತದೆ, ನಿಜ. ಅದು ಸ್ವಂತ ಹಾನಿಯ ಪ್ರೀಮಿಯಂಗೆ ಮಾತ್ರ ಸಿಗುವ ರಿಯಾಯಿತಿ, ಎರಡು ಲಕ್ಷದ ಕ್ಲೇಮ್ ಮುಂದೆ ಅದರ ಚಿಂತೆ ಬೇಡ. ಬಂಪರ್ ಗೀರಿದಂಥ ಸಣ್ಣ ಕೆಲಸಕ್ಕೆ ಮಾತ್ರ ಆ ಲೆಕ್ಕ ಹಾಕಬೇಕು.

ಹೆಂಡತಿಯ ಪರಿಹಾರ

ಇಲ್ಲಿ ಗಡುವು ಇದೆ. 2019ರ ತಿದ್ದುಪಡಿಯಿಂದ ಬಂದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮೋಟಾರು ವಾಹನ ಕಾಯ್ದೆಯ 166(3)ನೇ ಕಲಂ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿಯ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆ. ಆದರೂ ಅದನ್ನು ನಂಬಿ ಕೂರಬೇಡಿ. ನಿಮಗೆ ನಾಲ್ಕು ತಿಂಗಳು ಉಳಿದಿದೆ, ಚಿಕಿತ್ಸೆ ಮುಗಿಯದಿದ್ದರೂ ಅರ್ಜಿ ಹಾಕಬಹುದು, ಆಮೇಲಿನ ಬಿಲ್ಲುಗಳನ್ನು ಸಾಕ್ಷ್ಯದ ಹಂತದಲ್ಲಿ ಹಾಜರುಪಡಿಸಬಹುದು. ತುಮಕೂರಿಗೆ ಅಲೆಯಬೇಕಾಗಿಲ್ಲ. ಅರ್ಜಿದಾರರು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದಾದ್ದರಿಂದ ಶಿವಮೊಗ್ಗದಲ್ಲೇ ಎಂವಿಸಿ (ಅಪಘಾತ ಪರಿಹಾರದ) ಕೇಸು ದಾಖಲಿಸಿ.

ಪೊಲೀಸರು ತಮ್ಮ ಕಡೆಯಿಂದಲೂ ನ್ಯಾಯಮಂಡಳಿಗೆ ವರದಿ ಕಳಿಸಬೇಕು: 48 ಗಂಟೆಯಲ್ಲಿ ಮೊದಲ ಅಪಘಾತ ವರದಿ, 50 ದಿನದಲ್ಲಿ ಮಧ್ಯಂತರ ವರದಿ, 90 ದಿನದಲ್ಲಿ ವಿವರವಾದ ವರದಿ. ಈ ವರದಿಯನ್ನೇ ಪರಿಹಾರದ ಅರ್ಜಿಯೆಂದು ಪರಿಗಣಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದರ ಜೊತೆಗೆ ಸೇರುವ ಗಾಯಾಳುವಿನ ಮಾಹಿತಿ ಫಾರಂ ಅನ್ನು 60 ದಿನದೊಳಗೆ ನೀವು ಠಾಣೆಗೆ ಕೊಡಬೇಕು. ಯಾರೂ ಕೇಳಿಲ್ಲವಾದರೆ ನೀವೇ ಹೋಗಿ ತುಂಬಿಕೊಡಿ. ಆದರೆ ಪೊಲೀಸರ ವರದಿ ಹೋಗುತ್ತದೆ ಎಂದು ಸುಮ್ಮನಿರುವುದು ಜಾಣತನವಲ್ಲ, ಸ್ವಂತ ಅರ್ಜಿ ಇರಲಿ.

ಎರಡೂವರೆ ಲಕ್ಷದ ಮಾತಿಗೆ ಬರೋಣ. ಆ ಅಂಕಿ ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ಅದೇ ಕಾಯ್ದೆಯ 164ನೇ ಕಲಂ ಪ್ರಕಾರ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡಬೇಕು; ಮೂಳೆ ಮುರಿತ ತೀವ್ರ ಗಾಯವೇ. ತಪ್ಪು ಸಾಬೀತು ಮಾಡಲು ಸಾಕ್ಷ್ಯವೇ ಇಲ್ಲದವರಿಗೆ, ಅಥವಾ ತಪ್ಪು ತಮ್ಮದೇ ಕಡೆ ಇದ್ದವರಿಗೆ ಇದು ಒಳ್ಳೆಯ ದಾರಿ. ಆದರೆ 164ರ ಅಡಿ ಹಣ ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ‘ಈಗ ಇದನ್ನು ತಗೊಳ್ಳಿ, ಉಳಿದದ್ದಕ್ಕೆ ಕೋರ್ಟ್ ಇದೆಯಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಿಮ್ಮ ಹೆಂಡತಿಯ ನ್ಯಾಯವಾದ ಪರಿಹಾರ ಎಷ್ಟಾಗಬಹುದು? ಕಾಲು ಕೂಡಿದ ಮೇಲೆ ಮೂಳೆ ವೈದ್ಯರು ಕಾಲಿನ ಅಂಗವಿಕಲತೆ 36% ಎಂದು ಹೇಳಿದರು ಎಂದಿಟ್ಟುಕೊಳ್ಳಿ. ಇಡೀ ದೇಹಕ್ಕೆ ಅದನ್ನು ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕೆ, ಇಲ್ಲಿ 12%ಕ್ಕೆ, ಇಳಿಸುತ್ತಾರೆ. 34 ವರ್ಷಕ್ಕೆ ಗುಣಕ (ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ) 16. ಇದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಿಂದ ಬಂದದ್ದು. 18,000 ಗುಣಿಸು 12 ತಿಂಗಳು ಗುಣಿಸು 16 ಎಂದರೆ 34,56,000. ಅದರ 12% ಎಂದರೆ 4,14,720. ಸ್ವಂತ ಉದ್ಯೋಗದ, 40 ವರ್ಷದೊಳಗಿನವರ ಮುಂದಿನ ಆದಾಯದ ಏರಿಕೆಗೆ 2017ರ ಪ್ರಣಯ್ ಸೇಠಿ ತೀರ್ಪು 40% ಸೇರಿಸಲು ಹೇಳುತ್ತದೆ. ಅದು ಸಾವಿನ ಪ್ರಕರಣದ ತೀರ್ಪಾದರೂ ಶಾಶ್ವತ ಅಂಗವಿಕಲತೆಗೂ ಈ ಏರಿಕೆ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಸೇರಿಸಿದರೆ 5,80,608. ಐದು ತಿಂಗಳು ಕೆಲಸವಿಲ್ಲದೆ ಕಳೆದರೆ 90,000. ಇದರ ಮೇಲೆ ಆಸ್ಪತ್ರೆ ಮತ್ತು ಔಷಧಿ ಬಿಲ್, ರಾಡ್ ತೆಗೆಯುವ ಮುಂದಿನ ಆಪರೇಷನ್ ಖರ್ಚು, ಓಡಾಟ, ನೋಡಿಕೊಂಡವರ ಖರ್ಚು, ಪೌಷ್ಟಿಕ ಆಹಾರ, ನೋವು ಮತ್ತು ಸಂಕಟ, ಬದುಕಿನ ಸೌಕರ್ಯಗಳ ನಷ್ಟ. ಎರಡೂವರೆ ಲಕ್ಷಕ್ಕೂ ಇದಕ್ಕೂ ಇರುವ ಅಂತರ ನೋಡಿ.

12% ಎಂಬುದೂ ಕಲ್ಲಿನಲ್ಲಿ ಕೊರೆದದ್ದಲ್ಲ. ವೈದ್ಯರು ಹೇಳುವ ಶೇಕಡಾ ಬೇರೆ, ದುಡಿಮೆಗೆ ಆಗುವ ಪೆಟ್ಟು ಬೇರೆ ಎಂದು 2010ರ ರಾಜ್‌ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೊಲಿಗೆ ಯಂತ್ರದ ಪೆಡಲನ್ನು ದಿನಕ್ಕೆ ಎಂಟು ಗಂಟೆ ಬಲಗಾಲಿನಿಂದ ತುಳಿಯುವವರಿಗೆ ಪಾದದ ಕೀಲು ಪೂರ್ತಿ ಮಡಚದಿದ್ದರೆ, ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗಿಂತ ನಷ್ಟ ಹೆಚ್ಚು. ಇದನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಬೇಕು, ವೈದ್ಯರ ಸಾಕ್ಷ್ಯದಲ್ಲಿ ಹೇಳಿಸಬೇಕು: ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಎಷ್ಟು ಹೊತ್ತು ಕೂರಬಹುದು, ಪೆಡಲ್ ತುಳಿಯಬಹುದೇ. ‘ಟೈಲರ್’ ಎಂದು ಒಂದು ಪದ ಬರೆದು ಬಿಟ್ಟ ಅರ್ಜಿಗಳಲ್ಲಿ ಶೇಕಡಾ ವೈದ್ಯರು ಕೊಟ್ಟಲ್ಲಿಗೇ ನಿಲ್ಲುತ್ತದೆ, ಎಷ್ಟೋ ಸಲ ಅದಕ್ಕಿಂತ ಕೆಳಗಿಳಿಯುತ್ತದೆ. ಅಂಗವಿಕಲತೆಯ ಪರೀಕ್ಷೆಯನ್ನು ಮೂಳೆ ಕೂಡಿದ ಮೇಲೆ, ಹೊಸ ಎಕ್ಸ್‌ರೇ ಜೊತೆ, ಸಾಧ್ಯವಾದರೆ ಆಪರೇಷನ್ ಮಾಡಿದ ವೈದ್ಯರಿಂದಲೇ ಮಾಡಿಸಿ. ಚಿಕಿತ್ಸೆಯನ್ನೇ ನೋಡದ ವೈದ್ಯರು ಒಂದು ದಿನದ ಪರೀಕ್ಷೆಯಲ್ಲಿ ಕೊಟ್ಟ ದೊಡ್ಡ ಶೇಕಡಾ ಪಾಟೀಸವಾಲಿನಲ್ಲಿ ಉಳಿಯುವುದು ಅಪರೂಪ.

ಆದಾಯದ ಪುರಾವೆ ಎರಡನೇ ದುರ್ಬಲ ಜಾಗ. ಪುರಾವೆ ಇಲ್ಲದಿದ್ದರೆ ಕರ್ನಾಟಕದಲ್ಲಿ ಅಪಘಾತದ ವರ್ಷಕ್ಕೆ ತಕ್ಕಂತೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವನ್ನು ಹಿಡಿಯುವುದು ರೂಢಿ. ಅದಕ್ಕಿಂತ ಹೆಚ್ಚು ಬೇಕೆಂದರೆ ಅಪಘಾತಕ್ಕೆ ಮುಂಚಿನ ಯುಪಿಐ ಜಮಾಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆರ್ಡರ್ ಪುಸ್ತಕ, ಬಟ್ಟೆ ಮತ್ತು ದಾರ ಖರೀದಿಯ ಬಿಲ್, ಒಬ್ಬಿಬ್ಬರು ಖಾಯಂ ಗಿರಾಕಿಗಳ ಸಾಕ್ಷ್ಯ ಬೇಕು. ಅಪಘಾತವಾದ ಮೇಲೆ ತರಾತುರಿಯಲ್ಲಿ ಸಲ್ಲಿಸಿದ ಆದಾಯ ತೆರಿಗೆ ರಿಟರ್ನ್‌ಗೆ ಬೆಲೆ ಕಡಿಮೆ; ಸಂಶಯವನ್ನೂ ಹುಟ್ಟಿಸುತ್ತದೆ. ಆರೋಗ್ಯ ವಿಮೆಯಲ್ಲಿ ಬಿಲ್ ತೀರಿಸಿದ್ದರೆ ಮೂಲ ಬಿಲ್ಲುಗಳು ಅವರಲ್ಲಿ ಉಳಿಯುತ್ತವೆ. ದೃಢೀಕೃತ ನಕಲು ಮತ್ತು ಎಷ್ಟು ಪಾವತಿಯಾಯಿತು ಎಂಬ ಪತ್ರ ತೆಗೆದುಕೊಳ್ಳಿ, ಆ ವಿಷಯ ಮುಚ್ಚಿಡಬೇಡಿ.

ಅರ್ಜಿಯಲ್ಲಿ ಯಾರನ್ನು ಪ್ರತಿವಾದಿ ಮಾಡಬೇಕು ಎಂಬುದು ಹೆಚ್ಚಿನವರು ಎಡವುವ ಜಾಗ. ಗೂಡ್ಸ್ ವಾಹನದ ಮಾಲೀಕ, ಚಾಲಕ, ವಿಮಾ ಕಂಪನಿ ಸರಿಯೇ. ಎದುರಿನ ಕಂಪನಿ ‘ಕಾರಿನ ಚಾಲಕನದೂ ತಪ್ಪಿದೆ’ ಎಂದು ವಾದಿಸುವುದು ಬಹುತೇಕ ಖಚಿತ. ಆ ತಪ್ಪಿನ ಪಾಲನ್ನು ನಿಮ್ಮ ಗಾಯದ ಪರಿಹಾರದಲ್ಲಿ ಕಳೆಯಬಹುದು. ನಿಮ್ಮ ಹೆಂಡತಿ ಬರೀ ಪ್ರಯಾಣಿಕೆ, ಅವರ ತಪ್ಪು ಏನೂ ಇಲ್ಲ. ಇಬ್ಬರು ಚಾಲಕರ ತಪ್ಪು ಸೇರಿ ಗಾಯವಾಗಿದ್ದರೆ ಅವರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಗೂಡ್ಸ್ ವಾಹನದ ಪಾಲಿಸಿಯಲ್ಲಿ ಏನಾದರೂ ತೊಡಕು ಕಂಡರೆ ನಿಮ್ಮನ್ನು ಮತ್ತು ನಿಮ್ಮ ಕಾರಿನ ಕಂಪನಿಯನ್ನೂ ಪ್ರತಿವಾದಿ ಮಾಡುವುದು ಒಳ್ಳೆಯದು. ಹೆಂಡತಿ ಗಂಡನ ಮೇಲೆ ಕೇಸು ಹಾಕುವುದೇ ಎಂದು ಹಿಂಜರಿಯಬೇಡಿ. ನಿಮ್ಮ ‘ಫುಲ್ ಇನ್ಶೂರೆನ್ಸ್’ನಂಥ ಪ್ಯಾಕೇಜ್ ಪಾಲಿಸಿಯಲ್ಲಿ ಕಾರಿನೊಳಗಿನ ಪ್ರಯಾಣಿಕರಿಗೆ ರಕ್ಷಣೆ ಇರುವುದರಿಂದ ಹಣ ಕಟ್ಟುವುದು ಕಂಪನಿ. ಕೇವಲ ಥರ್ಡ್ ಪಾರ್ಟಿ ಪಾಲಿಸಿ ಇದ್ದಿದ್ದರೆ ಖಾಸಗಿ ಕಾರಿನ ಪ್ರಯಾಣಿಕರಿಗೆ ಆ ರಕ್ಷಣೆ ಸಿಗುತ್ತಿರಲಿಲ್ಲ. ಅವರ ಅರ್ಜಿಯಲ್ಲಿ ನೀವೇ ಪ್ರತಿವಾದಿ ಆಗಬಹುದಾದ್ದರಿಂದ ನೀವಿಬ್ಬರೂ ಒಂದೇ ಅರ್ಜಿಯಲ್ಲಿ ಸೇರಬೇಡಿ. ನಿಮ್ಮ ಸಣ್ಣ ಗಾಯ ಮತ್ತು ಕಾರಿನ 67,500ಕ್ಕೆ ನಿಮ್ಮದೇ ಅರ್ಜಿ, ಅವರದು ಬೇರೆ.

ಗೂಡ್ಸ್ ವಾಹನದ ನೋಂದಣಿ ಸಂಖ್ಯೆ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ಅಪಘಾತದ ದಿನ ಅದರ ಪಾಲಿಸಿ ಜಾರಿಯಲ್ಲಿತ್ತೇ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಪರ್ಮಿಟ್ ಇತ್ತೇ ನೋಡಿ. ಪಾಲಿಸಿ ಇದ್ದು ಚಾಲಕನ ಲೈಸೆನ್ಸ್ ಸರಿಯಿಲ್ಲದಿದ್ದರೆ ಕಂಪನಿ ಜಾರಿಕೊಳ್ಳಲು ನೋಡುತ್ತದೆ. ಇಂಥಲ್ಲಿ ಮೊದಲು ಗಾಯಾಳುವಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ನ್ಯಾಯಮಂಡಳಿಗಳು ಆದೇಶಿಸುತ್ತವೆ. ಪಾಲಿಸಿಯೇ ಇಲ್ಲದಿದ್ದರೆ ಮಾಲೀಕನ ಆಸ್ತಿಯೇ ಗತಿ. ಹಾಗಿದ್ದರೆ ಆ ವಾಹನವನ್ನು ಭದ್ರತೆ ಇಲ್ಲದೆ ಬಿಡಬಾರದೆಂದು ತಕ್ಷಣ ಅರ್ಜಿ ಹಾಕಿಸಿ. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದ ಪ್ರಕರಣಗಳ ದಾರಿ ಬೇರೆ: ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಗೆ ಅರ್ಜಿ, ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಖಾಲಿ ಹಾಳೆಯ ಸಹಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆ ಹಾಳೆಗಳು ವಕಾಲತ್ತು (ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಆಗಬಹುದು, ರಾಜಿ ಪತ್ರವೂ ಆಗಬಹುದು, ನಿಮಗೆ ತಿಳಿಯದಂತೆ ಬೇರೆ ಊರಿನಲ್ಲಿ ಕೇಸು ದಾಖಲಾಗಬಹುದು. ಯಾವ ದಿನ, ಯಾರ ಎದುರಿಗೆ, ಎಷ್ಟು ಹಾಳೆಗೆ ಸಹಿಯಾಯಿತು ಎಂದು ಬರೆದು, ಅವು ರದ್ದು, ಅದರ ಆಧಾರದಲ್ಲಿ ಏನೂ ಮಾಡಬಾರದು ಎಂದು ನಿಮ್ಮ ಹೆಂಡತಿಯ ಹೆಸರಿನಲ್ಲಿ ಆ ವ್ಯಕ್ತಿಗೆ ರಿಜಿಸ್ಟರ್ಡ್ ಪತ್ರ ಕಳಿಸಿ. ಅದರ ಪ್ರತಿಯನ್ನು ತನಿಖಾ ಠಾಣೆಗೂ ಎದುರಿನ ವಿಮಾ ಕಂಪನಿಗೂ ಕೊಡಿ. ವಾಹನ ಸಂಖ್ಯೆ, ಹೆಸರು ಹಾಕಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಶಿವಮೊಗ್ಗ, ತುಮಕೂರು, ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಕೇಸು ಆಗಲೇ ದಾಖಲಾಗಿದೆಯೇ ನೋಡಿ. ಆಗಿದ್ದರೆ ಹೊಸ ವಕೀಲರ ಮೂಲಕ ಅಲ್ಲೇ ಹಾಜರಾಗಿ. ಎರಡನೇ ಅರ್ಜಿ ಹಾಕಬೇಡಿ.

‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್’ ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಶುಲ್ಕವನ್ನು ಮೊದಲೇ ಮಾತಾಡಿ, ಬರವಣಿಗೆಯಲ್ಲಿ ಪಡೆಯಿರಿ. ವಕೀಲರ ಖರ್ಚು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ರಾಜಿ ಮಾಡಿಕೊಳ್ಳಲೇಬಾರದು ಎಂದಲ್ಲ. ಅಂಗವಿಕಲತೆಯ ಪರೀಕ್ಷೆ ಮುಗಿದು, ಬಿಲ್ಲುಗಳೆಲ್ಲ ಕೈಯಲ್ಲಿದ್ದು, ಮೇಲಿನ ಹಾಗೆ ಲೆಕ್ಕ ಹಾಕಿಕೊಂಡ ಮೇಲೆ ಬರುವ ಮೊತ್ತ ಅದರ ಹತ್ತಿರವಿದ್ದರೆ ಲೋಕ ಅದಾಲತ್‌ನಲ್ಲಿ ಮುಗಿಸುವುದರಿಂದ ವರ್ಷಗಳು ಉಳಿಯುತ್ತವೆ. ಆದರೆ ಅಲ್ಲಿನ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಬಡ್ಡಿ ಸೇರಿಸಿ ಮೊತ್ತವೇ, ಬಡ್ಡಿ ಬಿಟ್ಟೇ ಎಂಬುದನ್ನು ಸಹಿಗೆ ಮುಂಚೆ ಬರೆಸಿಕೊಳ್ಳಿ.

ಕೇಸು ನಡೆದು ತೀರ್ಪಾದರೆ ವಿಮಾ ಕಂಪನಿ 30 ದಿನದಲ್ಲಿ ಹಣ ಕಟ್ಟಬೇಕು. ಮೊತ್ತ ಕಡಿಮೆಯೆನಿಸಿದರೆ ಹೈಕೋರ್ಟಿಗೆ 90 ದಿನದಲ್ಲಿ ಮೇಲ್ಮನವಿ, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇರಬಾರದು. ಹಣ ನೇರವಾಗಿ ಹೆಂಡತಿಯ ಖಾತೆಗೇ ಬರಲಿ. ಅರ್ಜಿಯ ಜೊತೆ ಅವರ ಹೆಸರಿನ ಪಾಸ್‌ಬುಕ್ ಮತ್ತು ಪ್ಯಾನ್ ಕೊಡಿ.

ಕಾರಿನ ಕ್ಲೇಮ್ ತಿರಸ್ಕಾರವಾದರೆ ಅಥವಾ ಕಡಿತ ಹೆಚ್ಚಾಯಿತು ಎನಿಸಿದರೆ ಅದಕ್ಕೆ ನ್ಯಾಯಮಂಡಳಿ ಜಾಗವಲ್ಲ. ಯಾವ ಷರತ್ತಿನ ಆಧಾರದಲ್ಲಿ ತಿರಸ್ಕರಿಸಿದರು ಎಂದು ಬರವಣಿಗೆಯಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಗೆ) ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ಕ್ಲೇಮ್ ಅವರ ವ್ಯಾಪ್ತಿಯಲ್ಲಿದೆ. ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಮಿತಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಆಯೋಗದಲ್ಲಿ ಕೇಸು ಬಾಕಿ ಇರುವಾಗ ಅದೇ ವಿಷಯವನ್ನು ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ.